ಎಳೆಯರ ಚಟ, ಹಿರಿಯರ ಮೌನ



ಕಳೆದ ತಿಂಗಳ ಒಂದು ಭಾನುವಾರ, ಬಲಿಪೂಜೆ ಮುಗಿದು ಭಕ್ತಾದಿಗಳೆಲ್ಲ ಚದುರಿದ ಮೇಲೂ ತಾಯಿಯೊಬ್ಬರು ಗುರುನಿವಾಸದ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದರು. ಏನಮ್ಮಾ ಎಂದು ವಿಚಾರಿಸಿದಾಗ, ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡಿದ್ದ ಪುಟ್ಟ ವಸ್ತುವೊಂದನ್ನು ಬಿಚ್ಚಿ ನಮ್ಮ ಮುಂದಿಟ್ಟರು. ಬೆರಳಷ್ಟು ಉದ್ದ, ಹಳದಿ ಬಣ್ಣ, ಒಂದು ತುದಿ ಚಪ್ಪಟೆ. "ಬಣ್ಣದ ಪೆನ್ನು ಅನ್ಕಂಡೆ ಸ್ವಾಮಿ. ಪ್ಯಾಂಟು ಒಗೆಯಕ್ಕೆ ತಗಂಡಾಗ ಜೇಬಲ್ಲಿ ಸಿಕ್ತು. ಮಾವಿನಹಣ್ಣಿನ ವಾಸ್ನೆ ಬರ್ತಿತ್ತು. ಒದ್ದೆ ಆಯ್ತದೆ ಅಂತ ನಾನೇ ಒರೆಸಿ ಅವನ ಬ್ಯಾಗಿಗೆ ಹಾಕ್ದೆ. ಒಂದ್ಸಲ ಅಲ್ಲ, ಮೂರು ಸಲ" ಎಂದವರ ಕಣ್ಣು ತುಂಬಿತ್ತು. ಮಗ ಹತ್ತನೆಯ ತರಗತಿಯಲ್ಲಿ ಓದುತ್ತಿದ್ದಾನೆ. ಅದು ಪೆನ್ನಲ್ಲ, ವೇಪ್ ಎಂಬ ಇ-ಸಿಗರೇಟು ಎಂದು ಅವರಿಗೆ ತಿಳಿಸಿದವನು ಪಕ್ಕದ ಮನೆಯ ಹುಡುಗ.

ಆ ತಾಯಿ ನಮ್ಮಿಂದ ಬೇಡಿದ್ದು ಎರಡೇ ಸಂಗತಿ. ಮಗನಿಗೆ ಬುದ್ಧಿ ಹೇಳಬೇಕು. ಆದರೆ ವಿಷಯ ಯಾರಿಗೂ, ಹುಡುಗನ ತಂದೆಗೂ ಕೂಡ, ತಿಳಿಯಬಾರದು. ಮೊದಲನೆಯದಕ್ಕೆ ಒಪ್ಪಿದೆವು. ಎರಡನೆಯದು ಅಂದಿನಿಂದ ನಮ್ಮನ್ನು ಕಾಡುತ್ತಿದೆ. ಅವರ ಅನುಮತಿ ಪಡೆದು, ಗುರುತು ಮರೆಸಿ ಇದನ್ನಿಲ್ಲಿ ಬರೆಯುತ್ತಿದ್ದೇವೆ. ಪಾಪನಿವೇದನೆಯಲ್ಲಿ ಕೇಳಿದ್ದು ಗುರುವಿನೊಡನೆ ಸಮಾಧಿ ಸೇರಬೇಕಾದದ್ದು. ಇದು ಜಗಲಿಯಲ್ಲಿ ಕೇಳಿದ್ದು.

ಈ ಸಾಧನದ ರಚನೆ ಬಲು ಸರಳ. ಒಳಗೊಂದು ಪುಟ್ಟ ಬ್ಯಾಟರಿ, ಕಾಯುವ ತಂತಿಯ ಸುರುಳಿ, ಒಂದಿಷ್ಟು ದ್ರವ. ತುದಿಯನ್ನು ಬಾಯಿಗಿಟ್ಟು ಎಳೆದೊಡನೆ ತಂತಿ ಕಾದು ದ್ರವವು ಆವಿಯಾಗುತ್ತದೆ. ದ್ರವದಲ್ಲಿ ಗ್ಲಿಸರಿನ್ ಮುಂತಾದ ರಾಸಾಯನಿಕಗಳು, ಹಣ್ಣು ಪುದೀನಗಳ ಕೃತಕ ಪರಿಮಳ, ಜೊತೆಗೆ ನಿಕೋಟಿನ್. ಕೆಲವು ಸಾಧನಗಳ ಒಂದೇ ಕೊಳವೆಯಲ್ಲಿ 20 ಸಿಗರೇಟುಗಳ ಪೊಟ್ಟಣವೊಂದರಷ್ಟು ನಿಕೋಟಿನ್ ಅಡಗಿರುತ್ತದೆ. ನಮ್ಮ ಬಾಲ್ಯದಲ್ಲಿ ಕದ್ದು ಬೀಡಿ ಸೇದಿದ ಹುಡುಗ ಮೊದಲ ದಮ್ಮಿಗೇ ಕೆಮ್ಮಿ ಕಣ್ಣೀರು ಸುರಿಸುತ್ತಿದ್ದ. ಆ ಕೆಮ್ಮೇ ಅವನಿಗೆ ಮೊದಲ ಬುದ್ಧಿವಾದವಾಗಿತ್ತು. ಮನೆಗೆ ಬರುವ ಮುನ್ನ ಸೀಬೆಯೆಲೆ ಅಗಿಯುತ್ತಿದ್ದ. ಅಗಿದರೂ ಅಜ್ಜಿಯ ಮೂಗನ್ನು ವಂಚಿಸುವುದು ಕಷ್ಟವಿತ್ತು. ಇಂದು ನಿಕೋಟಿನ್ನನ್ನು ಲವಣರೂಪಕ್ಕೆ ತಂದು ಗಂಟಲಿಗೆ ನಯಗೊಳಿಸಿದ್ದಾರೆ. ಹೊಗೆಯಿಲ್ಲ, ಬೂದಿಯಿಲ್ಲ, ಬೆಂಕಿಕಡ್ಡಿಯಿಲ್ಲ. ಕೆಮ್ಮೂ ಎಚ್ಚರಿಸುವುದಿಲ್ಲ, ಅಜ್ಜಿಯೂ ಎಚ್ಚರಿಸಲಾರಳು.

ಕಾನೂನಿನ ಕಣ್ಣಿಗೆ ಈ ವಸ್ತು ನಮ್ಮ ನಾಡಿನಲ್ಲಿ ಇರಲೇಬಾರದು. ಕರ್ನಾಟಕ ಸರ್ಕಾರ 2016ರಲ್ಲಿಯೇ ಇದರ ಮಾರಾಟವನ್ನು ನಿಷೇಧಿಸಿತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಅದೇ ವರ್ಷದ ಕೊನೆಯಲ್ಲಿ ಸಂಸತ್ತಿನ ಮೂಲಕ ಕಾಯಿದೆಯನ್ನೇ ತಂದಿತು. ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಸೆರೆವಾಸ ಇಲ್ಲವೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೂ ಆ ಹುಡುಗನಿಗೆ ಅದು ದೊರಕಿತಲ್ಲ! ದೊರಕಿಸಿಕೊಟ್ಟವನು ಮೀಸೆ ತಿರುವುವ ಖಳನಾಯಕನೇನೂ ಅಲ್ಲ, ಅವನಿಗಿಂತ ಎರಡು ವರ್ಷ ದೊಡ್ಡವನಾದ ಗೆಳೆಯ. ಆ ಗೆಳೆಯನಿಗೆ ಮೊಬೈಲಿನಲ್ಲಿ ಪರಿಚಯವಾದ ಇನ್ನೊಬ್ಬ.

ನಮ್ಮ ಭಾರತೀನಗರ, ಹಳಬರ ಬಾಯಲ್ಲಿ ಇಂದಿಗೂ ಕೆ.ಎಂ. ದೊಡ್ಡಿ, ಎಂಥ ಊರೆಂಬುದನ್ನು ಸುತ್ತಲಿನವರಿಗೆ ಹೇಳಬೇಕಾಗಿಲ್ಲ. ಸಕ್ಕರೆ ಕಾರ್ಖಾನೆಗೆ ಸಾಲುಗಟ್ಟಿ ನಿಂತ ಕಬ್ಬಿನ ಗಾಡಿಗಳು, ದಿವಂಗತ ಜಿ. ಮಾದೇಗೌಡರು ಹಳ್ಳಿಯ ಮಕ್ಕಳಿಗಾಗಿ ಕಟ್ಟಿ ಬೆಳೆಸಿದ ವಿದ್ಯಾಸಂಸ್ಥೆಗಳು, ಬೆಳಗ್ಗೆ ಮದ್ದೂರಿನಿಂದಲೂ ಮಳವಳ್ಳಿಯಿಂದಲೂ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಬರುವ ಹುಡುಗರು. ಇಂಥ ಊರಿನಲ್ಲಿ ಕುಳಿತು, ಮಾದಕವಸ್ತುವೆಂಬುದು ಬೆಂಗಳೂರಿನ ಪಿಡುಗು, ಸಿನಿಮಾದವರ ಪಿಡುಗು ಎಂದು ಪತ್ರಿಕೆ ಮಡಚಿಡುವುದು ಸುಲಭ. ಅದಕ್ಕಿಂತ ಸುಲಭವಾದುದು ಆಲೆಮನೆಗೆ ಕೂಲಿಗೆಂದು ಬಂದ ಉತ್ತರದವರ ಮೇಲೆ ಹೊಣೆ ಹೊರಿಸುವುದು. ಸಭೆಯೊಂದರಲ್ಲಿ ಈ ಮಾತನ್ನು ಕೇಳಿ ನಾವು ನೊಂದಿದ್ದೇವೆ. ಮೈಮುರಿದು ದುಡಿಯುವ ಆ ಬಡಪಾಯಿಗಳಿಗೂ ನಮ್ಮ ಹುಡುಗರ ಜೇಬಿನಲ್ಲಿರುವ ಹಳದಿ ಪೆನ್ನಿಗೂ ಯಾವ ಸಂಬಂಧವೂ ಇಲ್ಲ.

ಗಾಂಜಾ ಈ ಸೀಮೆಗೆ ಹೊಸತಲ್ಲ. ಭಂಗಿ ಸೊಪ್ಪು ಎಂಬ ಹೆಸರು ನಮ್ಮ ಅಜ್ಜಂದಿರಿಗೂ ಗೊತ್ತಿತ್ತು. ಕಬ್ಬು, ಜೋಳ, ಅರಿಶಿನಗಳ ನಡುವೆ ಕದ್ದು ಬೆಳೆದ ಗಿಡಗಳನ್ನು ಪೊಲೀಸರು ಕಿತ್ತ ಸುದ್ದಿ ಹಳೆಯ ಮೈಸೂರು ಜಿಲ್ಲೆಗಳಿಂದ ಆಗಾಗ ಬರುತ್ತಲೇ ಇರುತ್ತದೆ. ಹೊಸತಾದುದು ಅದರ ರೂಪ ಮತ್ತು ಬಲ. 2020ರಲ್ಲಿ ಕಲಬುರಗಿ ಜಿಲ್ಲೆಯ ಕುರಿದೊಡ್ಡಿಯೊಂದರ ನೆಲದಡಿ ಸಾವಿರ ಕಿಲೋಗೂ ಮಿಕ್ಕ ಗಾಂಜಾ ಸಿಕ್ಕಿತು. 2023ರಲ್ಲಿ ಮಂಗಳೂರಿನಲ್ಲಿ ಭಂಗಿ ಬೆರೆಸಿದ ಚಾಕೊಲೇಟುಗಳನ್ನು ಪೊಲೀಸರು ವಶಪಡಿಸಿಕೊಂಡರು. ಥಾಯ್ಲೆಂಡಿನಿಂದ ಬರುವ ಪ್ರಯಾಣಿಕರ ಪೆಟ್ಟಿಗೆಗಳಲ್ಲಿ ಹೈಡ್ರೋ ಗಾಂಜಾ ಎಂಬ ತೀವ್ರ ತಳಿ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಪದೇ ಪದೇ ಸಿಕ್ಕಿಬಿದ್ದಿದೆ. ಗಾಂಜಾದಲ್ಲಿ ಮತ್ತು ತರಿಸುವ ಅಂಶಕ್ಕೆ ಟಿ.ಎಚ್.ಸಿ. ಎನ್ನುತ್ತಾರೆ. ಅಮೆರಿಕೆಯಲ್ಲಿ ವಶಪಡಿಸಿಕೊಂಡ ಮಾದರಿಗಳಲ್ಲಿ ಅದರ ಪ್ರಮಾಣ 1995ರಲ್ಲಿ ನೂರಕ್ಕೆ ಸುಮಾರು 4 ಇದ್ದದ್ದು 2021ರ ಹೊತ್ತಿಗೆ 15ರ ಆಸುಪಾಸಿಗೆ ಏರಿತ್ತು. ಅಂದರೆ ಅಜ್ಜ ಸೇದಿದ್ದೂ ಮೊಮ್ಮಗ ಸೇದುವುದೂ ಹೆಸರಿಗಷ್ಟೇ ಒಂದು. ಮೇಲಾಗಿ ಟಿ.ಎಚ್.ಸಿ.ಯ ಎಣ್ಣೆಯನ್ನು ಅದೇ ವೇಪಿನ ಕೊಳವೆಗೆ ತುಂಬಿ ಎಳೆಯುವ ವಿದ್ಯೆಯೂ ಬಂದಿದೆ. 2019ರಲ್ಲಿ ಅಮೆರಿಕೆಯಲ್ಲಿ ವೇಪ್ ಸೇದುವವರಿಗೆ ಶ್ವಾಸಕೋಶದ ವಿಚಿತ್ರ ಕಾಯಿಲೆ ಹಬ್ಬಿ, 2020ರ ಫೆಬ್ರವರಿಯವರೆಗೆ 2,807 ಮಂದಿ ಆಸ್ಪತ್ರೆ ಸೇರಿ 68 ಮಂದಿ ಸತ್ತರು. ಅವರಲ್ಲಿ ಬಹುಪಾಲು ಮಂದಿ ಸೇದಿದ್ದು ಇಂಥ ಗಾಂಜಾ ಎಣ್ಣೆಯನ್ನೇ.

ನಮ್ಮ ದೇಶದ ಲೆಕ್ಕವನ್ನೂ ನೋಡೋಣ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಹೊರತಂದ ಸಮೀಕ್ಷೆಯ ಪ್ರಕಾರ, ಒಂದು ವರ್ಷದ ಅವಧಿಯಲ್ಲಿ ಭಂಗಿ, ಗಾಂಜಾ, ಚರಸ್ ಬಳಸಿದವರು ಸುಮಾರು 3.1 ಕೋಟಿ. ಅವರಲ್ಲಿ 10ರಿಂದ 17 ವರ್ಷದ ಮಕ್ಕಳು 20 ಲಕ್ಷದಷ್ಟು. ಈ ಅಂಕಿಗಳನ್ನು ಕೊಟ್ಟು ನಾವು ಯಾರನ್ನೂ ಹೆದರಿಸಬೇಕಾಗಿಲ್ಲ. ಬಹುಪಾಲು ಮಕ್ಕಳು ಇದರ ಹತ್ತಿರವೂ ಸುಳಿಯುವುದಿಲ್ಲ ಎಂಬುದನ್ನೂ ಇದೇ ಅಂಕಿಗಳು ಹೇಳುತ್ತವೆ.

ಈಗ ಮುಖ್ಯ ವಿಚಾರಕ್ಕೆ ಬರೋಣ. ಪೋಷಕರು ಈ ಚಟಗಳ ಬಗ್ಗೆ ಯೋಚಿಸುವಾಗ ಶ್ವಾಸಕೋಶ, ಕ್ಯಾನ್ಸರ್, ಪೊಲೀಸು, ಮರ್ಯಾದೆ ಎಂಬ ನಾಲ್ಕರ ಸುತ್ತಲೇ ತಿರುಗುತ್ತಾರೆ. ಹುಡುಗನ ಮನಸ್ಸು ಎಂಬ ಐದನೆಯದು ಯಾರ ನೆನಪಿಗೂ ಬರುವುದಿಲ್ಲ. ಮಾನವನ ಮೆದುಳು ಇಪ್ಪತ್ತೈದರ ಆಸುಪಾಸಿನವರೆಗೂ ಪಕ್ವವಾಗುತ್ತಲೇ ಇರುತ್ತದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಎಲ್ಲಕ್ಕಿಂತ ಕೊನೆಗೆ ಬಲಿಯುವುದು ಹಣೆಯ ಹಿಂಬದಿಯ ಭಾಗ; ಮುಂದಾಲೋಚನೆ, ಸಂಯಮ, ಬೇಡವೆನ್ನುವ ಶಕ್ತಿ ಇವೆಲ್ಲದರ ನೆಲೆ ಅದೇ. ಇನ್ನೂ ಗಾರೆ ಆರದ ಗೋಡೆಯ ಮೇಲೆ ತೊಲೆ ಹೇರಿದರೆ ಏನಾಗುವುದೆಂದು ಗಾರೆಯವರಿಗೆ ಗೊತ್ತು. ನಿಕೋಟಿನ್ ಎಳೆಯ ಮೆದುಳಿನಲ್ಲಿ ಗಮನಶಕ್ತಿಯನ್ನೂ ಮನಃಸ್ಥಿತಿಯನ್ನೂ ಕೆಡಿಸುತ್ತದೆ. ಸೇದಿದಾಗ ಹಾಯೆನಿಸುತ್ತದೆ, ಪರೀಕ್ಷೆಯ ಒತ್ತಡ ಇಳಿದಂತಾಗುತ್ತದೆ. ಆದರೆ ಆ ಚಡಪಡಿಕೆಯಲ್ಲಿ ಒಂದು ಪಾಲನ್ನು ಹುಟ್ಟಿಸಿದ್ದು ಹಿಂದಿನ ಸಲ ಸೇದಿದ ನಿಕೋಟಿನ್ನೇ. ಮೀಟರ್ ಬಡ್ಡಿಗೆ ಸಾಲ ಕೊಟ್ಟವನೇ ಬಡ್ಡಿ ಕಟ್ಟಲು ಮತ್ತೆ ಸಾಲ ಕೊಟ್ಟಂತೆ.

ಗಾಂಜಾದ ವಿಷಯ ಇದಕ್ಕಿಂತ ಗಂಭೀರ. ಸ್ವೀಡನ್ ದೇಶದಲ್ಲಿ 1969-70ರಲ್ಲಿ ಸೈನ್ಯಕ್ಕೆ ಕರೆಬಂದ 45 ಸಾವಿರಕ್ಕೂ ಹೆಚ್ಚು ಯುವಕರನ್ನು ಹದಿನೈದು ವರ್ಷ ಗಮನಿಸಿ 1987ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಮಾಡಿದರು. ಹದಿನೆಂಟರೊಳಗೆ ಐವತ್ತಕ್ಕಿಂತ ಹೆಚ್ಚು ಸಲ ಗಾಂಜಾ ಸೇದಿದವರಲ್ಲಿ ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ಮಾತು ಕೇಳಿಸುವ, ಎಲ್ಲರ ಮೇಲೂ ಸಂಶಯ ಹುಟ್ಟುವ ಆ ಘೋರ ಮನೋರೋಗ, ಸೇದದವರಿಗಿಂತ ಆರು ಪಟ್ಟು ಕಂಡುಬಂದಿತ್ತು. ನ್ಯೂಜಿಲೆಂಡಿನ ಡುನೆಡಿನ್ ಪಟ್ಟಣದಲ್ಲಿ 1972-73ರಲ್ಲಿ ಹುಟ್ಟಿದ ಮಕ್ಕಳನ್ನು ಬೆಳೆದಂತೆಲ್ಲ ಗಮನಿಸಿದ ಸಂಶೋಧಕರು 2002ರಲ್ಲಿ ಇನ್ನೊಂದು ಸಂಗತಿ ಹೇಳಿದರು. ಹದಿನೈದರೊಳಗೆ ಗಾಂಜಾ ಹಿಡಿದವರಲ್ಲಿ ಹತ್ತಕ್ಕೆ ಒಬ್ಬರಂತೆ ಇಪ್ಪತ್ತಾರರ ಹೊತ್ತಿಗೆ ಇಂಥ ರೋಗಲಕ್ಷಣಗಳಿಗೆ ತುತ್ತಾಗಿದ್ದರು. ಉಳಿದವರಲ್ಲಿ ನೂರಕ್ಕೆ ಮೂವರು. 2019ರಲ್ಲಿ ಯೂರೋಪಿನ ಹಲವು ನಗರಗಳನ್ನೂ ಬ್ರೆಜಿಲನ್ನೂ ಒಳಗೊಂಡ ಅಧ್ಯಯನವು, ತೀವ್ರ ಬಲದ ಗಾಂಜಾವನ್ನು ದಿನನಿತ್ಯ ಸೇದುವವರಲ್ಲಿ ಇಂಥ ರೋಗದ ಸಂಭವ ಐದು ಪಟ್ಟಿನಷ್ಟು ಹೆಚ್ಚೆಂದು ಕಂಡಿತು.

ತತ್ತ್ವಶಾಸ್ತ್ರ ಓದಿದವರಿಗೆ ಇಲ್ಲೊಂದು ಆಕ್ಷೇಪ ಹೊಳೆಯದೆ ಇರದು. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಕಾರ್ಯಕಾರಣ ಸಂಬಂಧವಿದೆಯೆಂದು ಹೇಗೆ ಹೇಳುವಿರಿ? ಮನಸ್ಸು ಮೊದಲೇ ಕದಡಿದ್ದ ಹುಡುಗನೇ ನೆಮ್ಮದಿ ಅರಸಿ ಗಾಂಜಾ ಹಿಡಿದಿರಬಾರದೇಕೆ? ನ್ಯಾಯವಾದ ಪ್ರಶ್ನೆ. ಕೆಲವರ ವಿಷಯದಲ್ಲಿ ಹಾಗೆಯೇ ಆಗಿರುತ್ತದೆ; ವಂಶದಲ್ಲಿ ಮನೋರೋಗವಿದ್ದವರಿಗೆ ಅಪಾಯ ಹೆಚ್ಚು; ಸೇದಿದವರಲ್ಲಿ ಬಹುಮಂದಿಗೆ ಈ ರೋಗ ಬರುವುದೂ ಇಲ್ಲ. ಆದರೆ ಎಳೆಯ ವಯಸ್ಸು, ಬಳಕೆಯ ಪ್ರಮಾಣ, ವಸ್ತುವಿನ ಬಲ ಇವು ಹೆಚ್ಚಿದಂತೆ ಅಪಾಯವೂ ಹೆಚ್ಚುತ್ತ ಹೋಗುವುದನ್ನು ಬೇರೆಬೇರೆ ದೇಶಗಳಲ್ಲಿ ಬೇರೆಬೇರೆ ಕಾಲದಲ್ಲಿ ಕಂಡ ಮೇಲೆ, ಕಾಗೆಯ ಮಾತನ್ನು ಹಿಡಿದು ಕೂರುವುದು ವಿವೇಕವಲ್ಲ. ಯಾವ ಹುಡುಗನ ಟೊಂಗೆ ಮೊದಲೇ ಬಿರುಕು ಬಿಟ್ಟಿದೆಯೆಂದು ಯಾರಿಗೆ ಗೊತ್ತು?

ಇನ್ನು ಯುವಕರು ನಮ್ಮೆದುರು ಇಡುವ ವಾದಗಳು. ಯುವಜನರ ಕೂಟದಲ್ಲಿ ಒಬ್ಬ ಎದ್ದು, "ಫಾದರ್, ಅದು ಗಿಡ, ದೇವರು ಮಾಡಿದ್ದು" ಎಂದ. ನಗು ಬಂತು. ನಮ್ಮ ನಾಲೆಯ ಏರಿಯುದ್ದಕ್ಕೂ ಬೆಳೆಯುವ ಉಮ್ಮತ್ತಿಯನ್ನೂ ದೇವರೇ ಮಾಡಿದ್ದು; ಅದರ ಕಾಯನ್ನು ಯಾರೂ ಪಲ್ಯ ಮಾಡುವುದಿಲ್ಲ. ಕೆನಡಾದಲ್ಲಿ ಕಾನೂನೇ ಒಪ್ಪಿದೆಯಲ್ಲ ಎಂದ ಇನ್ನೊಬ್ಬ. ನಿಜ, 2018ರ ಅಕ್ಟೋಬರಿನಲ್ಲಿ ಒಪ್ಪಿತು. ಆದರೆ ಅಲ್ಲಿಯೂ ಹದಿನೆಂಟು, ಹತ್ತೊಂಬತ್ತು ತುಂಬದವರಿಗೆ ಮಾರುವಂತಿಲ್ಲ. ಕ್ವಿಬೆಕ್ ಪ್ರಾಂತ್ಯವಂತೂ 2020ರಲ್ಲಿ ಆ ವಯಸ್ಸನ್ನು ಇಪ್ಪತ್ತೊಂದಕ್ಕೆ ಏರಿಸಿತು. ಬಾಗಿಲು ತೆರೆದವರೂ ಮಕ್ಕಳಿಗೆ ಅಗುಳಿ ಹಾಕಿಯೇ ಇದ್ದಾರೆ. ಎರಡು ಸಾವಿರದ ಮುನ್ನೂರು ವರ್ಷಗಳಿಗೂ ಹಿಂದೆ ಪ್ಲೇಟೋ ತನ್ನ ಕೊನೆಗಾಲದ ಸಂವಾದಗ್ರಂಥದಲ್ಲಿ, ಹದಿನೆಂಟು ತುಂಬದ ಹುಡುಗರು ದ್ರಾಕ್ಷಾರಸವನ್ನು ಮುಟ್ಟಲೇಕೂಡದೆಂದು ವಿಧಿಸಿದ್ದಾನೆ. ಯೌವನವೇ ಒಂದು ಬೆಂಕಿಯಾಗಿರುವಾಗ ಇನ್ನೊಂದನ್ನು ಕೂಡಿಸಬಾರದೆಂಬುದು ಅವನ ಅಭಿಪ್ರಾಯ.

ಮೂರನೆಯ ವಾದ ಮಾತ್ರ ನಮ್ಮನ್ನು ಯೋಚಿಸುವಂತೆ ಮಾಡಿತು. "ನನ್ನ ಜೀವನ, ನನ್ನ ಸ್ವಾತಂತ್ರ್ಯ." ಸ್ವಾತಂತ್ರ್ಯದ ಮಾತಾಡುವ ಹುಡುಗನನ್ನು ಗದರಿಸಿ ಕೂರಿಸುವುದು ನಮಗೆ ಇಷ್ಟವಿಲ್ಲ. ಸಂತ ಅಗಸ್ಟೀನರು ತಮ್ಮ ಯೌವನದ ಬಂಧನವನ್ನು ನೆನೆದು ವಿವರಿಸಿರುವ ರೀತಿ ಇಲ್ಲಿ ಉಪಯುಕ್ತ. ತಮ್ಮನ್ನು ಕಟ್ಟಿಹಾಕಿದ ಸರಪಣಿಯನ್ನು ಹೊರಗಿನವರಾರೂ ತಂದಿರಲಿಲ್ಲ, ತಮ್ಮ ಇಚ್ಛೆಯೇ ಅದನ್ನು ಬೆಸೆದಿತ್ತು ಎನ್ನುತ್ತಾರೆ ಅವರು. ಕೆಟ್ಟ ಇಚ್ಛೆ ಲಾಲಸೆಯಾಗಿ, ಲಾಲಸೆಗೆ ಮಣಿದದ್ದು ಅಭ್ಯಾಸವಾಗಿ, ತಡೆಯದ ಅಭ್ಯಾಸ ಅನಿವಾರ್ಯವಾದ ಕ್ರಮವನ್ನು ಕೊಂಡಿ ಕೊಂಡಿಯಾಗಿ ಬಿಡಿಸಿಡುತ್ತಾರೆ. ಮೊದಲ ಸಲ ಸೇದುವಾಗ ಇದ್ದ ಸ್ವಾತಂತ್ರ್ಯ ಐವತ್ತನೆಯ ಸಲಕ್ಕೆ ಉಳಿದಿರುವುದಿಲ್ಲ. ಬೇಡವೆನ್ನುವ ಅಂಗವನ್ನೇ ಕುಂದಿಸುವ ವಸ್ತುವನ್ನು ಆಯ್ದುಕೊಳ್ಳುವುದು, ತಾನು ಕೂತ ಕೊಂಬೆಯನ್ನು ಕಡಿಯುವ ಸ್ವಾತಂತ್ರ್ಯ.

ಅಗಸ್ಟೀನರು ತಮ್ಮ ತಾಯಿ ಮೋನಿಕಮ್ಮನವರ ಬಾಲ್ಯದ ಪ್ರಸಂಗವೊಂದನ್ನೂ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಮನೆಯಲ್ಲಿ ಬಲು ಕಟ್ಟುನಿಟ್ಟಿನ ಮುದಿ ದಾದಿ. ಊಟದ ಹೊತ್ತು ಬಿಟ್ಟರೆ ಹೆಣ್ಣುಮಕ್ಕಳಿಗೆ ನೀರು ಕುಡಿಯಲೂ ಬಿಡುತ್ತಿರಲಿಲ್ಲ. ಹಾಗಿದ್ದೂ ಪೀಪಾಯಿಯಿಂದ ದ್ರಾಕ್ಷಾರಸ ತರಲು ಹೋದಾಗ ಹುಡುಗಿ ಮೋನಿಕ ತುಟಿಗೆ ತಾಗಿಸಿದಳು. ಆಸೆಗಲ್ಲ, ಹುಡುಗಾಟಕ್ಕೆ. ದಿನಕ್ಕೊಂದಿಷ್ಟು ಹೆಚ್ಚಿ, ಕೊನೆಗೆ ಬಟ್ಟಲುಗಟ್ಟಲೆ ಕುಡಿಯುವ ಚಟವಾಯಿತು. ಜೊತೆಗಿದ್ದ ದಾಸಿ ಜಗಳವಾಡುವಾಗ ಕುಡುಕಿಯೆಂದು ಮೂದಲಿಸಿದಳು. ಆ ಮಾತು ನಾಟಿ, ಮೋನಿಕ ಅಂದೇ ಬಿಟ್ಟಳು. ಜಪಸರ ಹಿಡಿದು ಮಕ್ಕಳಿಗಾಗಿ ಕಣ್ಣೀರಿಡುವ ನಮ್ಮ ತಾಯಂದಿರು ಸಂತ ಮೋನಿಕಮ್ಮನವರನ್ನು ನೆನೆಯುವಾಗ ಈ ಭಾಗವನ್ನು ನೆನೆಯುವುದಿಲ್ಲ, ನಾವು ಗುರುಗಳೂ ಪ್ರಸಂಗದಲ್ಲಿ ಹೇಳುವುದಿಲ್ಲ. ದಾದಿಯ ಕಾವಲು ಸೋತ ಕಡೆ ಬಾಯಿಬಿಟ್ಟು ಆಡಿದ ಒಂದು ಮಾತು ಗೆದ್ದಿತು. ಅದೂ ಪ್ರೀತಿಯಿಂದ ಆಡಿದ ಮಾತಲ್ಲ. ಪ್ರೀತಿಯಿಂದ ಆಡಿದ್ದರೆ ಇನ್ನೂ ಮೊದಲೇ ನಾಟುತ್ತಿತ್ತೋ ಏನೋ.

ಬೇರೆಯವರ ಮೌನದ ಬಗ್ಗೆ ಇಷ್ಟೆಲ್ಲ ಬರೆದ ಮೇಲೆ ನಮ್ಮದನ್ನು ಮುಚ್ಚಿಡುವುದು ಸರಿಯಲ್ಲ. ಕೆಲವು ವರ್ಷಗಳ ಹಿಂದೆ, ನಾವು ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ನಗರದ ಹಾಸ್ಟೆಲಿನಲ್ಲಿ ಓದುತ್ತಿದ್ದ ಹದಿನೇಳರ ಹುಡುಗನೊಬ್ಬ ನಡುವರ್ಷದಲ್ಲೇ ಮನೆಗೆ ಮರಳಿದ. ಪೀಠಬಾಲಕನಾಗಿ ನಮ್ಮ ಕೈಯಲ್ಲೇ ಬೆಳೆದವನು. ರಾತ್ರಿ ನಿದ್ರೆಯಿಲ್ಲ, ಸ್ನಾನವಿಲ್ಲ. ಮೊಬೈಲಿನೊಳಗಿಂದ ಯಾರೋ ತನ್ನನ್ನು ನೋಡುತ್ತಿದ್ದಾರೆಂದು ಅದನ್ನು ಅಕ್ಕಿಯ ಡಬ್ಬದಲ್ಲಿ ಹೂತಿಡುತ್ತಿದ್ದ. ಮನೆಯವರು ಯಾರೋ ಮಾಟ ಮಾಡಿಸಿದ್ದಾರೆಂದರು. ನಾವು ಮಾಟವನ್ನು ನಂಬಬೇಡಿರೆಂದು ಗದರಿದೆವು. ಗದರಿ, ಹುಡುಗನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಧ್ಯಾನಕೂಟವೊಂದಕ್ಕೆ ಕಳುಹಿಸಿದೆವು. ಮರಳಿ ಬಂದವನು ಸುಮ್ಮನಿರುತ್ತಿದ್ದ. ಆ ಸುಮ್ಮನಿರುವಿಕೆಯನ್ನು ನಾವು ಭಕ್ತಿಯೆಂದು ತಿಳಿದೆವು. ಹಾಸ್ಟೆಲಿನಲ್ಲಿ ಏನು ಸೇದುತ್ತಿದ್ದೆಯಪ್ಪಾ ಎಂಬ ಒಂದೇ ಒಂದು ಪ್ರಶ್ನೆಯನ್ನು ಕೇಳಲಿಲ್ಲ. ಕೇಳಿದರೆ ಆ ಮನೆತನಕ್ಕೆ ಅವಮಾನ ಮಾಡಿದಂತಾಗುವುದೆಂಬ ಸಂಕೋಚ. ಹೀಗೆ ಎಂಟು ತಿಂಗಳು ಹೋದವು. ಒಂದು ರಾತ್ರಿ ಅವನು ತಂದೆಯ ಮೇಲೆ ಕುಡುಗೋಲು ಎತ್ತಿದ ಮೇಲೆ ಆಸ್ಪತ್ರೆಗೆ ಸೇರಿಸಿದರು. ವೈದ್ಯರು ಕೇಳಿದ ಮೊದಲ ಪ್ರಶ್ನೆಯೇ ನಾವು ಕೇಳದೆ ಬಿಟ್ಟದ್ದು. ಅವನೂ ಮರೆಮಾಚದೆ ಹೇಳಿದನಂತೆ: ಒಂದೂವರೆ ವರ್ಷದಿಂದ ಗಾಂಜಾ, ಕೊನೆಕೊನೆಗೆ ದಿನಕ್ಕೆ ಮೂರು ನಾಲ್ಕು ಸಲ. ಯಾರೂ ಕೇಳಿರಲಿಲ್ಲ, ಅದಕ್ಕೆ ಹೇಳಿರಲಿಲ್ಲ.

ಈ ರೋಗದಲ್ಲಿ ಮೊದಲ ಲಕ್ಷಣಕ್ಕೂ ಮೊದಲ ಔಷಧಿಗೂ ನಡುವಿನ ಅಂತರ ಎಷ್ಟು ಕಡಿಮೆಯೋ ಚೇತರಿಕೆ ಅಷ್ಟು ಉತ್ತಮವೆಂದು ಮನೋವೈದ್ಯರು ಹೇಳುತ್ತಾರೆ. ಆ ಎಂಟು ತಿಂಗಳು ನಮ್ಮ ಲೆಕ್ಕದಲ್ಲಿವೆ. ಹುಡುಗ ಈಗ ಮಾತ್ರೆ ನುಂಗುತ್ತ ಮನೆಯಲ್ಲಿದ್ದಾನೆ, ತೋಟದ ಕೆಲಸ ಮಾಡುತ್ತಾನೆ, ಓದು ಮುಂದುವರಿಯಲಿಲ್ಲ. ಕಂಡಾಗ ಕೈಮುಗಿದು ನಗುತ್ತಾನೆ. ಪ್ರಾರ್ಥನೆ ವ್ಯರ್ಥವೆಂದು ನಾವು ಹೇಳುತ್ತಿಲ್ಲ. ಕಾಲು ಮುರಿದವನಿಗಾಗಿಯೂ ಪ್ರಾರ್ಥಿಸುತ್ತೇವೆ, ಆದರೆ ಪಟ್ಟಿ ಕಟ್ಟಿಸಿದ ಮೇಲೆ.

ಪೋಷಕರ ಬಾಯಿ ಕಟ್ಟುವುದು ಮಾನದ ಭಯವೊಂದೇ ಅಲ್ಲ, ಪೊಲೀಸರ ಭಯವೂ ಹೌದು. ಇಲ್ಲಿ ತಿಳಿದಿರಬೇಕಾದುದಿಷ್ಟು. 1985ರ ಮಾದಕವಸ್ತು ಕಾಯಿದೆಯಲ್ಲಿ ಗಾಂಜಾ ಸೇವನೆಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಹತ್ತು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಇವೆ. ಅದೇ ಕಾಯಿದೆಯ 64ಎ ಕಲಮು, ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ, ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ರೋಗಿಯ ಗುಟ್ಟು ಕಾಯುವ ಹೊಣೆಯನ್ನು 2017ರ ಮಾನಸಿಕ ಆರೋಗ್ಯ ಕಾಯಿದೆ ವೈದ್ಯರ ಮೇಲೆ ಹೊರಿಸಿದೆ. ಮಕ್ಕಳಿಗೆ ಮಾದಕವಸ್ತು ಅಥವಾ ತಂಬಾಕು ಕೊಟ್ಟವನಿಗಾದರೋ 2015ರ ಬಾಲನ್ಯಾಯ ಕಾಯಿದೆಯಡಿ ಏಳು ವರ್ಷಗಳವರೆಗೆ ಕಠಿಣ ಸಜೆಯಿದೆ. ಅಂದರೆ ವೈದ್ಯರ ಬಳಿ ಹೋಗುವುದು ಠಾಣೆಗೆ ಹೋದಂತಲ್ಲ. ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಮನೆಯಿಂದ ಹೊರಡಲು ಹಿಂಜರಿಯುವವರು 14416 ಸಂಖ್ಯೆಗೆ ಫೋನು ಮಾಡಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆ ಅದು, ಉಚಿತ.

ಇನ್ನೊಂದು ಮಾತು, ಕೆಲವರಿಗೆ ಕಹಿಯಾದೀತು. ಮಗನ ವೇಪ್ ಕಂಡು ಬೆಲ್ಟು ಬಿಚ್ಚುವ ತಂದೆ, ಅದೇ ಮಗನ ಪ್ರಥಮ ಪರಮಪ್ರಸಾದದ ಔತಣದಲ್ಲಿ ಶಾಮಿಯಾನದ ಹಿಂದೆ ಬಾಟಲಿಗಳ ಪೆಟ್ಟಿಗೆ ತೆರೆದಿದ್ದುಂಟು. ಮಗು ನೋಡಿರಲಿಲ್ಲವೆಂದು ಅವರು ತಿಳಿದಿದ್ದಾರೆ. ನಮ್ಮ ಗುರುಗಳಲ್ಲಿಯೂ ಸಿಗರೇಟು ಸೇದುವವರಿಲ್ಲದೆ ಇಲ್ಲ. ವ್ಯಾಟಿಕನ್ ನಗರದೊಳಗೆ ಸಿಗರೇಟು ಮಾರಿ ಬರುತ್ತಿದ್ದ ಆದಾಯವೇನೂ ಸಣ್ಣದಾಗಿರಲಿಲ್ಲ. ಜನರ ಆರೋಗ್ಯಕ್ಕೆ ಕೇಡಾಗುವ ವ್ಯಾಪಾರದಲ್ಲಿ ಧರ್ಮಪೀಠ ಪಾಲುಗೊಳ್ಳಲಾಗದೆಂದು ದಿವಂಗತ ಪೋಪ್ ಫ್ರಾನ್ಸಿಸರು 2018ರಿಂದ ಆ ಮಾರಾಟವನ್ನು ನಿಲ್ಲಿಸಿದರು. ನಮ್ಮ ಹಬ್ಬದ ಶಾಮಿಯಾನ ಅಷ್ಟು ದೊಡ್ಡ ಆದಾಯವನ್ನೇನೂ ಕಳೆದುಕೊಳ್ಳಬೇಕಾಗಿಲ್ಲ.

ಹುಡುಗನ ವಿಷಯಕ್ಕೆ ಮರಳೋಣ. ನಾವು ಅವನನ್ನು ಕರೆಸಿ ಉಪದೇಶ ಮಾಡಲಿಲ್ಲ. ಕಾಫಿ ಕೊಟ್ಟು, "ದಿನಕ್ಕೆ ಎಷ್ಟು ಸಲ ಮಗು?" ಎಂದಷ್ಟೇ ಕೇಳಿದೆವು. ಬಹಳ ಹೊತ್ತು ನೆಲ ನೋಡುತ್ತಿದ್ದವನು, ಲೆಕ್ಕವಿಟ್ಟಿಲ್ಲ ಎಂದ. ಬೆಳಗ್ಗೆ ಎದ್ದೊಡನೆ ಬೇಕೆನಿಸುತ್ತದೆಂದೂ, ಬಿಟ್ಟರೆ ಯಾರ ಮೇಲಾದರೂ ರೇಗುತ್ತದೆಂದೂ, ಗಾಂಜಾ ಎಣ್ಣೆಯನ್ನು ಎರಡು ಸಲ ನೋಡಿದ್ದಾಗಿಯೂ ಹೇಳಿದ. ಎರಡನೆಯ ಸಲ ಎದೆ ಹೊಡೆದುಕೊಂಡು, ಸತ್ತೇ ಹೋಗುತ್ತೇನೆಂದು ಹೆದರಿ, ರಾತ್ರಿಯಿಡೀ ದೀಪ ಆರಿಸದೆ ಕೂತಿದ್ದನಂತೆ. ಪಕ್ಕದ ಕೋಣೆಯಲ್ಲೇ ತಂದೆತಾಯಿ ಮಲಗಿದ್ದರು. "ಕೂಗಬಾರದಿತ್ತೇನೋ?" ಎಂದದ್ದಕ್ಕೆ, "ಅಪ್ಪ ಕೊಂದಾಕ್ತಾರೆ ಫಾದರ್" ಎಂದ.

ತಂದೆಗೆ ತಿಳಿಸಲು ತಾಯಿ ಮೊನ್ನೆ ಒಪ್ಪಿದರು. ನಾವೇ ಅವರ ಮನೆಗೆ ಹೋದೆವು. ಕಬ್ಬಿಗೆ ನೀರು ಕಟ್ಟಿ ಬಂದ ಮನುಷ್ಯ ಕೆಸರುಗಾಲಿನಲ್ಲೇ ಬಾಗಿಲ ಬಳಿ ಕೂತು ಎಲ್ಲವನ್ನೂ ಕೇಳಿದರು. ಕೈ ಎತ್ತಲಿಲ್ಲ, ಬೈಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಗನ ಕಡೆ ತಿರುಗಿ, "ಆ ರಾತ್ರಿ ನಾನು ಎದ್ದೇ ಇದ್ದೆ ಕಣ್ಲಾ, ದೀಪ ಉರೀತಾ ಇತ್ತು, ಓದ್ತಾವ್ನೆ ಅಂದ್ಕಂಡೆ" ಎಂದರು. ಬರುವ ಮಂಗಳವಾರ ಬೆಳಗಿನ ಬಸ್ಸಿಗೆ ತಂದೆ ಮಗ ಇಬ್ಬರೂ ಮಂಡ್ಯದ ಆಸ್ಪತ್ರೆಗೆ ಹೊರಟಿದ್ದಾರೆ. ಚೀಟಿ ಮಾಡಿಸುವುದು ಎಲ್ಲಿಯೋ ತಿಳಿಯದು, ಜೊತೆಗೆ ಬನ್ನಿ ಸ್ವಾಮಿ ಎಂದಿದ್ದಾರೆ. ಆ ದಿನದ ಬೆಳಗಿನ ಪೂಜೆ ಐದೂವರೆಗೇ ಇರುತ್ತದೆ.